ನಮ್ಮತ್ತೆ ಮತ್ತು ಹಿತ್ತಲ ಗುಂಡಿ

ಕೂಟಗಲ್ಲಿನ ಕಡೆ ಯಾರೇ ಹೊಸ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆಯಲಿ, ನಮ್ಮತ್ತೆ ಕಾವೇರಮ್ಮ ಮುಯ್ಯಿಯ ಕವರನ್ನು ನನ್ನ ಕೈಗೆ ತುರುಕಿ ನೇರ ಹಿತ್ತಲಿಗೆ ನಡೆಯುತ್ತಾರೆ. ಆ ಮನೆಯಾಕೆ ದೇವರಮನೆಯ ತೇಗದ ಬಾಗಿಲನ್ನೋ ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನೋ ತೋರಿಸಬೇಕೆಂದು ಕಾದಿರುತ್ತಾಳೆ. ಇವರು ಕೇಳುವುದು ಒಂದೇ: “ಮುಚ್ಚಳ ಎಲ್ಲವ್ವ ಮಡಗಿದ್ದೀರಾ?”

ಮುಚ್ಚಳ ಎಂದರೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ. ನಾಚಿಕೆಗೆ ಅದರ ಮೇಲೆ ಟೈಲ್ಸ್ ಹಾಸಿ ಮುಚ್ಚಿಬಿಟ್ಟಿದ್ದರೆ ಆ ಮನೆಯವರ ಗತಿ ಮುಗಿಯಿತು. ಪಾಯಸ ಬಡಿಸುವ ಹೊತ್ತಿನಲ್ಲೂ ಅತ್ತೆ ಅದನ್ನೇ ಹೇಳುತ್ತಿರುತ್ತಾರೆ. ಗಾಳಿ ಕೊಳವೆ ಎಷ್ಟು ಎತ್ತರ ಇದೆ, ಅದರ ಬಾಯಿಗೆ ಜಾಲರಿ ಕಟ್ಟಿದ್ದಾರಾ, ಇಂಗುಗುಂಡಿ ಬೋರ್‌ವೆಲ್ಲಿನಿಂದ ಎಷ್ಟು ದೂರ ಎಂದು ವಿಚಾರಿಸುತ್ತಾರೆ. ಪಕ್ಕದ ಎಲೆಯವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ನಾನು ಹಪ್ಪಳ ಮುರಿಯುತ್ತಾ ಕೂತಿರುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ನಾಚಿಕೆಯಾಗುತ್ತಿತ್ತು, ಈಗ ಇಲ್ಲ. ಈ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತು ಎಂದು ನನಗೆ ಗೊತ್ತು, ಅದರಲ್ಲಿ ನನ್ನ ಪಾಲೂ ಇದೆ.

ಮೊದಲು ನಮ್ಮತ್ತೆ ಎಂಥವರು ಎಂದು ಹೇಳಿಬಿಡುತ್ತೇನೆ. ಕಲ್ಯದ ಕಡೆಯಿಂದ ಹದಿನೇಳಕ್ಕೇ ಮದುವೆಯಾಗಿ ಬಂದವರು. ಓದಿದ್ದು ಏಳನೇ ಕ್ಲಾಸು. ಎರಡು ಎಕರೆ ಹಿಪ್ಪುನೇರಳೆ ತೋಟ, ಹಿಂದೊಂದು ರೇಷ್ಮೆಹುಳು ಸಾಕುವ ಮನೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಹನ್ನೆರಡು ವರ್ಷದಿಂದ ಒಂದು ಬೆಳೆಯನ್ನೂ ಕಳೆದುಕೊಂಡಿರಲಿಲ್ಲ. ರೇಷ್ಮೆ ಬೆಳೆಯುವವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು. ಹಾಲುರೋಗ, ಸಪ್ಪೆರೋಗ, ಸುಣ್ಣಕಟ್ಟು, ಒಂದಲ್ಲ ಒಂದು ಬಂದು ಮೂರು ದಿನದಲ್ಲಿ ಇಡೀ ಬೆಳೆಯನ್ನು ತಿಪ್ಪೆಗೆ ಹಾಕಿಸುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ಹಾಗಾಗುತ್ತಿತ್ತು. ನಮ್ಮಲ್ಲಿ ಆಗುತ್ತಿರಲಿಲ್ಲ. ಕಾರಣ ಒಂದೇ, ಅತ್ತೆಯ ಚೊಕ್ಕಟ.

ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮರುದಿನವೇ ಯುದ್ಧ ಶುರುವಾಗುತ್ತಿತ್ತು. ತಟ್ಟೆ, ಬಲೆ, ಹುಳು ಗೂಡು ಕಟ್ಟುವ ಚಂದ್ರಿಕೆ, ನೆಲ, ಗೋಡೆ, ಕಿಟಕಿಯ ಸರಳು, ಎಲ್ಲದಕ್ಕೂ ಬ್ಲೀಚಿಂಗ್ ಪೌಡರಿನ ನೀರು. ಅದರ ಮೇಲೆ ಫಾರ್ಮಲಿನ್, ಅದರ ಮೇಲೆ ಸುಣ್ಣ. ಹುಳುಮನೆ ಬಾಗಿಲಲ್ಲಿ ಒಂದು ಒದ್ದೆ ಗೋಣಿಚೀಲ, ಅದರ ಮೇಲೂ ಪೌಡರು. ಕಾಲೊರೆಸದೆ ಒಳಗೆ ಹೋದರೆ ಯಾರಾದರೂ ಸರಿ, ಮಾವ ಬೋರಲಿಂಗಯ್ಯನವರಾದರೂ ಸರಿ, ಮಂಗಳಾರತಿ ಆಗುತ್ತಿತ್ತು. ರಾಮನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೂ ಬಿಡುತ್ತಿರಲಿಲ್ಲ. “ಮೇಡಮ್ಮೋರೆ, ಬಸ್ಸಲ್ಲಿ ಬಂದ ಸೀರೆ ಅದು. ಬದ್ಲಾಯ್ಸಿ ಬನ್ನಿ” ಎನ್ನುತ್ತಿದ್ದರು. ಆ ಕೈಗಳಿಂದ ಒಗ್ಗರಣೆಯ ವಾಸನೆಗಿಂತ ಮೊದಲು ಬ್ಲೀಚಿಂಗ್ ವಾಸನೆ ಬರುತ್ತಿತ್ತು.

ಆ ಮನೆಯಲ್ಲಿ ಅವರಿಗಿಂತ ಹಿರಿಯರು ಒಬ್ಬರಿದ್ದರು, ಅವರ ಅತ್ತೆ ಚಿಕ್ಕಲಕ್ಷ್ಮಮ್ಮ. ನಮಗೆಲ್ಲ ಅಜ್ಜಿ. ಎಂಬತ್ತರ ಹತ್ತಿರದ ಅಜ್ಜಿ ಹೊಲದ ಬದುವಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದರೂ ಕೋಲು ಹಿಡಿದು ಹತ್ತು ಹೆಜ್ಜೆ ಹಾಕುವುದೇ ಹೆಚ್ಚಾಯಿತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕಕ್ಕಸು ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡು ಎಕರೆ ರೇಷ್ಮೆ ತೋಟದ ಮನೆಗೂ ಅದು ಬೇಕು ಅನ್ನಿಸಿರಲಿಲ್ಲ. ಅಜ್ಜಿಯನ್ನು ಬೆಳಗಿನ ಜಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಾವ ಒಂದು ಕಡೆ, ನನ್ನ ಗಂಡ ಇನ್ನೊಂದು ಕಡೆ ಹಿಡಿದು ಹೊಲದ ಅಂಚಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಹೆತ್ತ ಮಗ ಮತ್ತು ಮೊಮ್ಮಗ. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಹೋಗಿ, ಹಾಗೆಯೇ ಬರುತ್ತಿದ್ದರು.

ನಾಲ್ಕು ದಿನ ಇದನ್ನು ನೋಡಿದ ಅತ್ತೆ ಐದನೆಯ ದಿನ ಮಾವನಿಗೆ ಹೇಳಿದರು: “ಈ ಸಲದ ಗೂಡು ಮಾರಿದ್ದು ಪೂರಾ ಕಕ್ಕಸ್‌ಗೆ. ಬ್ಯಾರೆ ಮಾತಿಲ್ಲ.” ಮಾವ ಬೇರೆ ಮಾತಾಡಲಿಲ್ಲ. ಆ ವಿಷಯಕ್ಕೆ ನಾನು ಅತ್ತೆಯನ್ನು ಇವತ್ತಿಗೂ ಮೆಚ್ಚುತ್ತೇನೆ.

ರಾಮನಗರದಿಂದ ಗಾರೆಯ ಖಾಸಿಂ ಸಾಬರು ಬಂದರು. ಅರವತ್ತರ ಮನುಷ್ಯ, ಕಡಿಮೆ ಮಾತು. ಅಜ್ಜಿಯ ಕೋಣೆಗೆ ಅಂಟಿಕೊಂಡಂತೆ ಕಕ್ಕಸು ಕಟ್ಟಿ, ಹಿಡಿದುಕೊಳ್ಳಲು ಗೋಡೆಗೆ ಎರಡು ಪೈಪು ಕೂರಿಸಿ, ಹಿತ್ತಲಲ್ಲಿ ಎರಡು ಕೋಣೆಯ ಟ್ಯಾಂಕನ್ನೂ ಅದರಾಚೆ ಒಂದು ಇಂಗುಗುಂಡಿಯನ್ನೂ ಮಾಡಿಕೊಟ್ಟರು. ಹೋಗುವಾಗ ಹೇಳಿದ ಮಾತು ಒಂದೇ. “ಕಾವೇರಕ್ಕ, ಕಕ್ಕಸ್ ನೀರು ಬುಟ್ಟು ಬ್ಯಾರೆ ಏನೂ ಇದಕ್ಕೆ ಬುಡಬ್ಯಾಡಿ.” ಅತ್ತೆ ಸರಿ ಎಂದರು. ಅಜ್ಜಿ ಮೊದಲ ಬಾರಿಗೆ ಒಬ್ಬರೇ ಒಳಗೆ ಹೋಗಿ, ಚಿಲಕ ಹಾಕಿಕೊಂಡು, ಒಬ್ಬರೇ ಹೊರಗೆ ಬಂದಾಗ ಅವರ ಮುಖದಲ್ಲಿ ಕಂಡ ಗೆಲುವನ್ನು ನಾನು ಇನ್ನೂ ಮರೆತಿಲ್ಲ.

ಅತ್ತೆ ಎಡವಿದ್ದು ಮುಂದೆ. ಹುಳುಮನೆ ತೊಳೆದ ಬ್ಲೀಚಿಂಗ್ ನೀರು ಮೊದಲಿನಿಂದಲೂ ಹಿತ್ತಲ ಚಪ್ಪಡಿಯಿಂದ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಬಾಳೆಯ ಎಲೆ ಸುಟ್ಟಂತಾಗುತ್ತಿತ್ತು. ಹೊಸ ಗುಂಡಿ ಬಂದ ಮೇಲೆ ಅತ್ತೆಗೆ ಒಂದು ಉಪಾಯ ಹೊಳೆಯಿತು. ಬೋರ್‌ವೆಲ್ಲಿನ ಕೆಲಸಕ್ಕೆ ತಂದು ಉಳಿದಿದ್ದ ಪೈಪನ್ನು ಚಪ್ಪಡಿಯಿಂದ ಟ್ಯಾಂಕಿಗೆ ಜೋಡಿಸಿದರು. ಬಾಳೆಯೂ ಉಳಿಯಿತು, ಗುಂಡಿಯೂ ಶುದ್ಧವಾಯಿತು ಎಂದು ಅವರ ಲೆಕ್ಕ. ಸಾಲದು ಎಂದು ದಿನಾ ಬೆಳಿಗ್ಗೆ ಅಜ್ಜಿ ಹೋಗಿ ಬಂದ ಮೇಲೆ ಒಂದು ಚೊಂಬು ಪೌಡರಿನ ನೀರನ್ನು ಕಕ್ಕಸಿಗೆ ಸುರಿಯುತ್ತಿದ್ದರು. ಗುಂಡಿಯಲ್ಲಿ ನೊಣ ಹುಟ್ಟಿದರೆ ಆ ನೊಣ ಹುಳುಮನೆಗೆ ಬರುತ್ತದೆ, ಬಂದರೆ ರೋಗ ತರುತ್ತದೆ. ಹುಳು ಸಾಕುವವರ ತಲೆ ಓಡುವುದೇ ಹಾಗೆ. ಕಣ್ಣಿಗೆ ಕಾಣದ್ದನ್ನೆಲ್ಲ ಕೊಲ್ಲು, ಆಗ ಬೆಳೆ ಉಳಿಯುತ್ತದೆ.

ಬಂದವರೆಲ್ಲ ಹೊಗಳಿದರು. ಕಕ್ಕಸು ಇದೆ ಎಂದೇ ಗೊತ್ತಾಗದಂತೆ ಇಟ್ಟಿದ್ದೀರಲ್ಲ, ಒಂದಿಷ್ಟೂ ವಾಸನೆ ಇಲ್ಲ ಎಂದರು. ಅತ್ತೆ ಉಬ್ಬಿದರು. ಎಂಟನೇ ಕ್ಲಾಸಿನ ಮಕ್ಕಳಿಗೆ ‘ನಮ್ಮ ಮಿತ್ರ ಸೂಕ್ಷ್ಮಜೀವಿಗಳು’ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಪಾಠ ಮಾಡುವ ನಾನೂ ಆ ಚೊಂಬನ್ನು ದಿನಾ ನೋಡುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಎರಡು ವರ್ಷ ತುಂಬುವುದರೊಳಗೆ ಕಕ್ಕಸಿನ ನೀರು ಇಳಿಯುವುದು ನಿಧಾನವಾಯಿತು. ಒಂದು ದಿನ ಇಳಿಯಲೇ ಇಲ್ಲ. ಮಾವ ರಾಮನಗರದಿಂದ ಗುಂಡಿ ಎಳೆಯುವ ಟ್ಯಾಂಕರ್ ಕರೆಸಿದರು. ಗಾಡಿಯವನು ಪೈಪು ಇಳಿಬಿಟ್ಟು, ಅಂಗಳದಲ್ಲಿ ನಿಂತು ವಿಚಾರಿಸಿದ.

“ಎಲ್ಡೇ ವರ್ಷಕ್ಕೆ ತುಂಬ್ತಾ? ಮನೇಲಿ ಜನ ಜಾಸ್ತಿನಾ?”

“ಇಲ್ಲ ಕಣಪ್ಪ. ಐದು ಜನ. ಎಲ್ರೂ ತ್ವಾಟ, ಕೆಲ್ಸ ಅಂತ ಹೋಯ್ತೀವಿ. ದಿನಪೂರ್ತಿ ಮನೇಲಿರೋದು ನಮ್ಮವ್ವ ಒಬ್ಳೇ” ಎಂದರು ಮಾವ.

“ಹಂಗಾದ್ರೆ ಅದ್ಕೇ ಇರ್ಬೇಕು ಬುಡಿ” ಎಂದ ಅವನು. ಏನೋ ಹೇಳಬೇಕಲ್ಲ ಎಂದು ಹೇಳಿದ ಮಾತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಮ್ಮ ಮಾವ ಅದಕ್ಕೂ ತಲೆಯಾಡಿಸಿದರು. ಅಜ್ಜಿಯ ಕೋಣೆಯ ಕಿಟಕಿ ಅಂಗಳಕ್ಕೇ ತೆರೆದಿದೆ ಎಂಬುದು ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಅತ್ತೆ ಮಾತ್ರ ಗಾಡಿಯವನನ್ನು ಬಿಡಲಿಲ್ಲ. ತಳದಲ್ಲಿ ಒಂದು ಹನಿಯೂ ಉಳಿಯದಂತೆ ಎಳೆಸಿ, ಮೇಲಿನಿಂದ ನೀರು ಹೊಡೆಸಿ ತೊಳೆಸಿ, ಕೊನೆಗೆ ಒಂದು ಸೇರಿನಷ್ಟು ಬ್ಲೀಚಿಂಗ್ ಪೌಡರನ್ನು ತಮ್ಮ ಕೈಯಾರೆ ಒಳಗೆ ಎರಚಿದರು. ಸಮಾಧಾನವಾಯಿತು. ಇಪ್ಪತ್ತೈದು ದಿನಕ್ಕೆ ಕಕ್ಕಸು ಮತ್ತೆ ಕಟ್ಟಿಕೊಂಡಿತು.

ಈಗ ಖಾಸಿಂ ಸಾಬರಿಗೆ ಹೇಳಿಕಳಿಸಲೇಬೇಕಾಯಿತು. “ಸರಿಯಾಗಿ ಕಟ್ಟಿಲ್ಲ ಆ ಮನುಷ್ಯ” ಎಂದು ಅತ್ತೆ ಮೊದಲೇ ತೀರ್ಪು ಕೊಟ್ಟಾಗಿತ್ತು. ಸಾಬರು ಬಂದು, ಹಾರೆಯಿಂದ ಮುಚ್ಚಳ ಮೀಟಿ, ಎಲ್ಲರನ್ನೂ ದೂರ ನಿಲ್ಲಿಸಿದರು. ಮಾವ ಏಣಿ ತಂದಿಟ್ಟುಕೊಂಡು ಇಳಿದು ನೋಡುತ್ತೇನೆ ಎಂದಾಗ, ಎಂದೂ ದನಿ ಎತ್ತದವರು ಗದರಿದರು. “ಗೌಡ್ರೆ, ಕಾಲ್ ಇಡಬ್ಯಾಡಿ! ಒಳ್ಗೆ ಕೆಟ್ಟ ಗಾಳಿ ಇರ್ತದೆ, ಇಳಿದೋರು ಎದ್ದು ಬರಾಕಿಲ್ಲ. ಗುಂಡಿ ಖಾಲಿ ಇರ್ಲಿ, ತುಂಬಿರ್ಲಿ, ಯಾರೂ ಇಳೀಬಾರ್ದು.” ಮಾವ ಏಣಿಯನ್ನು ವಾಪಸು ಕೊಟ್ಟಿಗೆಗೆ ಹೊತ್ತರು.

ಸ್ವಲ್ಪ ಹೊತ್ತು ಬಿಟ್ಟು ಸಾಬರು ಗಾಳಿ ಬೀಸುವ ದಿಕ್ಕಿಗೆ ನಿಂತು ಮೂಗು ಅರಳಿಸಿದರು. ಮತ್ತೊಮ್ಮೆ ಅರಳಿಸಿದರು.

“ಗುಂಡಿ ಅಂದ್ರೆ ಗುಂಡಿ ವಾಸ್ನೆ ಬರ್ಬೇಕು ಅಕ್ಕ. ಇದು ಆಸ್ಪತ್ರೆ ವಾಸ್ನೆ ಬತ್ತಾ ಐತೆ. ಏನ್ ಸುರೀತೀರಾ ಇದಕ್ಕೆ?”

ಅತ್ತೆ ಹೆಮ್ಮೆಯಿಂದಲೇ ಎಲ್ಲ ಹೇಳಿದರು. ಚಪ್ಪಡಿಯ ಪೈಪು, ಬೆಳಗಿನ ಚೊಂಬು, ಮೊನ್ನೆಯ ಒಂದು ಸೇರು. ಸಾಬರು ತಲೆಯ ಮೇಲಿನ ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

“ಟ್ಯಾಂಕು ತುಂಬೋದು ತಪ್ಪಲ್ಲ ಅಕ್ಕ, ಅದು ಯಾವಾಗ್ಲೂ ತುಂಬೇ ಇರ್ಬೇಕು. ಹೊಲ್ಸು ತಳಕ್ಕೆ ಕೂತ್ಕತದೆ, ಜಿಡ್ಡು ಮ್ಯಾಲೆ ತೇಲ್ತದೆ, ನಡುವಿನ ತಿಳಿನೀರು ಆಚೆ ಇಂಗುಗುಂಡಿಗೆ ಹೋಯ್ತದೆ. ತಳದ ಹೊಲ್ಸನ್ನ ಕರಗ್ಸೋಕೆ ಅದ್ರಲ್ಲಿ ಹುಳ ಇರ್ತವೆ, ಕಣ್ಣಿಗೆ ಕಾಣಾಕಿಲ್ಲ. ನೀವು ಮ್ಯಾಲೆ ಹುಳ ಸಾಕ್ತೀರಿ. ಕೆಳ್ಗೂ ಒಂದ್ ಹುಳ ಸಾಕ್ಬೇಕು. ನೀವು ಅದ್ನ ದಿನಾ ಸಾಯ್ಸಿದ್ದೀರಿ. ಕರಗ್ದೆ ಇದ್ದ ಹೊಲ್ಸು ಹೋಗಿ ಇಂಗುಗುಂಡಿ ಬಾಯಿ ಕಟ್ಬುಟ್ಟೈತೆ.”

“ನನ್ ಚೊಕ್ಕಟದಿಂದ ಕೆಟ್ಟೋಯ್ತು ಅಂತೀಯಾ?”

“ಅಂತೀನಿ.”

“ಹನ್ನೆರಡ್ ವರ್ಸದ್ ಮ್ಯಾಲಾಯ್ತು, ಒಂದ್ ಬೆಳೆ ಕೆಡ್ಸಿಲ್ಲ ನಾನು, ಖಾಸಿಮಣ್ಣ. ನನಗೆ ಹುಳದ್ ಪಾಠ ಹೇಳ್ಬ್ಯಾಡ. ನೀನ್ ಕಟ್ಟಿದ್ದೇ ಸರಿ ಇಲ್ಲ.”

ಸಾಬರು ಮುಚ್ಚಳ ಹಾಕಿ ಹೊರಟರು. ನಾನು ತಂದಿಟ್ಟಿದ್ದ ಟೀ ಅರ್ಧ ಉಳಿಯಿತು. ಅವರು ಹೋದ ಮೇಲೆ ನಾನು ಮೆಲ್ಲಗೆ, “ಅತ್ತೆ, ಅವರು ಹೇಳಿದ್ದು ಸರಿ. ನಮ್ಮ ಪಾಠದ ಪುಸ್ತಕದಲ್ಲೂ ಹಾಗೇ ಇದೆ” ಎಂದೆ. “ಪುಸ್ತಕದಾಗಿದ್ರೆ ಎಲ್ಡು ವರ್ಸದಿಂದ ಯಾಕ್ ಹೇಳ್ಳಿಲ್ಲ ಮೇಡಮ್ಮೋರೆ?” ಎಂದರು. ನಾನು ಸಾಬರ ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆದರೆ ಅತ್ತೆಯ ಒಂದು ಗುಣ ಹೇಳಬೇಕು. ಬಾಯಲ್ಲಿ ಒಪ್ಪದಿದ್ದರೂ ಕೈಯಲ್ಲಿ ನೋಡದೆ ಬಿಡುವವರಲ್ಲ. ಮಾರನೆಯ ದಿನ ಕೊಟ್ಟಿಗೆಯ ಹಿಂದೆ ಎರಡು ಹಳೆಯ ಬಕೆಟ್ ಕಂಡವು. ಎರಡರಲ್ಲೂ ಒಂದೇ ಅಳತೆಯ ಸಗಣಿ, ತರಕಾರಿ ಸಿಪ್ಪೆ, ನೀರು. ಒಂದಕ್ಕೆ ಎರಡು ಹಿಡಿ ಬ್ಲೀಚಿಂಗ್ ಪೌಡರ್, ಇನ್ನೊಂದಕ್ಕೆ ಇಲ್ಲ. ಮೇಲೆ ಮೊರ ಮುಚ್ಚಿ ಕಲ್ಲು ಹೇರಿದ್ದರು. ಏನಿದು ಎಂದರೆ “ಏನಿಲ್ಲ” ಎಂದರು.

ಆ ದಿನಗಳಲ್ಲಿ ಅಜ್ಜಿಗೆ ಮತ್ತೆ ಪ್ಲಾಸ್ಟಿಕ್ ಕುರ್ಚಿಯೇ ಗತಿಯಾಯಿತು. ನಾನೂ ಅತ್ತೆಯೂ ಹಿಡಿದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದೆವು.  ಅಜ್ಜಿ ದಿನಕ್ಕೆ ಒಂದೇ ಸಲ ಸಾಕು ಎನ್ನುತ್ತಿದ್ದರು. ನಮಗೆ ಅದರಿಂದ ಕೆಲಸ ಹಗುರಾಯಿತು ಎಂದುಕೊಂಡೆವು. ಈಗ ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಬೆಳಿಗ್ಗೆ ಅಜ್ಜಿ ಹಾಸಿಗೆ ಬಿಟ್ಟು ಏಳಲಿಲ್ಲ. ನಾಲಗೆ ಒಣಗಿ ಮರದ ತೊಗಟೆಯಂತಾಗಿತ್ತು. ಮಾತು ತೊದಲುತ್ತಿತ್ತು. ಆಟೋದಲ್ಲಿ ರಾಮನಗರಕ್ಕೆ ಒಯ್ದೆವು. ಡಾಕ್ಟರು ಕೈಯ ಚರ್ಮವನ್ನು ಚಿವುಟಿ ನೋಡಿದರು. ಚಿವುಟಿದ ಚರ್ಮ ಹಾಗೇ ನಿಂತಿತು. “ಇವರು ನೀರೇ ಕುಡೀತಿಲ್ಲ. ಅದರ ಮೇಲೆ ಮೂತ್ರದ ಸೋಂಕೂ ಆಗಿದೆ. ಯಾಕೆ ಕುಡಿಸ್ತಿಲ್ಲ?” ಎಂದು ನಮ್ಮನ್ನೇ ಬೈದು ಡ್ರಿಪ್ ಹಾಕಿದರು. ಅತ್ತೆ ಮಾವ ಔಷಧಿ ತರಲು ಹೋದಾಗ ನಾನೊಬ್ಬಳೇ ಅಜ್ಜಿಯ ಪಕ್ಕ ಕೂತಿದ್ದೆ.

“ಯಾಕಜ್ಜಿ ನೀರು ಕುಡೀತಿರಲಿಲ್ಲ?”

“ಕುಡುದ್ರೆ ಹೋಗ್ಬೇಕಲ್ಲವ್ವ.”

“ಹೋದ್ರೇನು? ನಾವಿಲ್ವಾ ಕರ್ಕೊಂಡು ಹೋಗೋಕೆ?”

ಅಜ್ಜಿ ಸೀಸೆಯಿಂದ ಇಳಿಯುವ ಹನಿಯನ್ನೇ ನೋಡುತ್ತಾ ಹೇಳಿದರು. “ನನ್ನಿಂದಾನೇ ಕಣವ್ವ ಗುಂಡಿ ತುಂಬೋದು. ಗಾಡಿಯೋನು ಕೇಳ್ದಾಗ ನನ್ ಮಗ ಹೇಳ್ಳಿಲ್ವಾ, ದಿನಪೂರ್ತಿ ಮನೇಲಿರೋಳು ನಾನೊಬ್ಳೇ ಅಂತ. ಗೂಡ್ ಮಾರಿದ್ದೆಲ್ಲಾ ಸುರ್ದು ನನಗೋಸ್ಕರ ಕಟ್ಟುಸ್ದ್ಲು ಕಾವೇರಿ. ನಾನ್ ತಿಂದು ತಿಂದು ಅದ್ನೂ ಕೆಡ್ಸ್‌ಬುಟ್ಟೆ. ಒಸಿ ಬಾಯಿ ಕಟ್ಟಿದ್ರೆ ಒಂದಷ್ಟು ದಿನ ಬತ್ತದೆ ಅಂತ.” ಆಮೇಲೆ ನನ್ನ ಕೈ ಹಿಡಿದು, “ಅವಳಿಗೆ ಹೇಳ್ಬ್ಯಾಡ. ನೊಂದ್ಕತಾಳೆ” ಎಂದರು.

ಹೇಳಬೇಡ ಎಂದರೆ ಹೇಳದೆ ಇರುವ ಸೊಸೆ ನಾನಲ್ಲ.  ಔಷಧಿ ಹಿಡಿದು ಬಂದ ಅತ್ತೆಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ತಡೆದು ಎಲ್ಲವನ್ನೂ ಹೇಳಿದೆ. ಗುಂಡಿಗೆ ಪೌಡರು ಹಾಕಿದ್ದು ನೀವು, ಸುಮ್ಮನೆ ನೋಡಿದ್ದು ನಾನು, ಬಾಯಿ ಕಟ್ಟಿದ್ದು ಅವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದೂ ಅಂದೆ. ಅತ್ತೆಗೆ ಅಷ್ಟು ಮಾತು ನಾನು ಎಂದೂ ಆಡಿರಲಿಲ್ಲ. ಅವರು ಜಗಳಕ್ಕೆ ಬರುತ್ತಾರೆಂದು ಕಾದೆ. ಅವರು ಮೆಟ್ಟಿಲ ಮೇಲೆ ಕೂತು, ಔಷಧಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡರು.

ಮನೆಗೆ ಬಂದವರೇ ಕೊಟ್ಟಿಗೆಯ ಹಿಂದೆ ಹೋಗಿ ಮೊರ ಎತ್ತಿದರು. ನಾನೂ ಹಿಂದೆ ಹೋದೆ. ಪೌಡರು ಹಾಕದ ಬಕೆಟಿನಲ್ಲಿ ಗುಳ್ಳೆ ಏಳುತ್ತಿತ್ತು. ಸಿಪ್ಪೆ ಎಲ್ಲ ಕೊಳೆತು ತೆಳ್ಳಗಾಗಿ, ಕೆಸರು ತಳಕ್ಕೆ ಕೂತಿತ್ತು. ಪೌಡರು ಹಾಕಿದ್ದರಲ್ಲಿ ಸಗಣಿಯ ಉಂಡೆ ಉಂಡೆಯಾಗಿಯೇ ಇತ್ತು, ಬಣ್ಣ ಮಾತ್ರ ಬೆಳ್ಳಗಾಗಿತ್ತು. ಹಾಕಿದ ಬದನೆಕಾಯಿ ತೊಟ್ಟನ್ನು ಕೂಡ ಗುರುತು ಹಿಡಿಯಬಹುದಿತ್ತು. ಅತ್ತೆ ಕೋಲಿನಿಂದ ಎರಡನ್ನೂ ಕಲಕಿ ನೋಡಿ, ಕೋಲನ್ನು ಅಲ್ಲೇ ಬಿಸಾಕಿದರು.

“ಖಾಸಿಮಣ್ಣನಿಗೆ ಫೋನ್ ಮಾಡು” ಎಂದರು.

ಆಮೇಲಿನ ವಾರ ಅತ್ತೆ ಹುಳುವಿಗೆ ಸೊಪ್ಪು ಹಾಕುವ ಹೊತ್ತು ಬಿಟ್ಟು ಉಳಿದದ್ದೆಲ್ಲ ಹಿತ್ತಲಲ್ಲೇ ಕಳೆದರು. ಸಾಬರಿಗೆ ಮೊದಲು ಪೂರ್ತಿ ಟೀ ಕುಡಿಸಿದರು. “ನೀನ್ ಅಂದಿದ್ದೇ ಸರಿ ಕಣಣ್ಣ” ಎನ್ನುವ ಬದಲು ಜೊತೆಗೆ ಎರಡು ಚಕ್ಕುಲಿ ಕೊಟ್ಟರು. ಸಾಬರಿಗೆ ಅರ್ಥವಾಯಿತು. ಮೊದಲು ಚಪ್ಪಡಿಯ ಪೈಪನ್ನು ಕೊಯ್ದು ತೆಗೆದರು. ಹುಳುಮನೆಯ ನೀರಿಗೆ ತೋಟದ ಮೂಲೆಯಲ್ಲಿ, ಬಾಳೆಯಿಂದಲೂ ಬೋರ್‌ವೆಲ್ಲಿನಿಂದಲೂ ದೂರದಲ್ಲಿ, ಬೇರೆಯೇ ಗುಂಡಿ ತೋಡಿಸಿದರು. ಬಾಯಿ ಕಟ್ಟಿದ ಇಂಗುಗುಂಡಿಯನ್ನು ಒಣಗಲು ಬಿಟ್ಟು ಪಕ್ಕದಲ್ಲಿ ಹೊಸದೊಂದನ್ನು ಮಾಡಿ ಜಲ್ಲಿಕಲ್ಲು ತುಂಬಿದರು. ಟ್ಯಾಂಕರ್ ಮತ್ತೆ ಬಂತು. ಈ ಸಲ ಅತ್ತೆಯೇ ಗಾಡಿಯವನಿಗೆ ಹೇಳಿದರು: “ಪೂರಾ ಎಳೀಬ್ಯಾಡ ಕಣಪ್ಪ. ತಳದಲ್ಲಿ ಒಂದ್ ಗೇಣು ಬುಡು. ಹಾಲಿಗೆ ಹೆಪ್ಪು ಹಾಕಾಕಿಲ್ವಾ, ಹಂಗೆ.” ನೀರು ತುಂಬಿದ ಮೇಲೆ ಎರಡು ಬುಟ್ಟಿ ಸಗಣಿ ಕದಡಿ ತಾವೇ ಹೊಯ್ದರು. ಬ್ಲೀಚಿಂಗ್ ಪೌಡರ್ ಎರಚಿದ ಕೈಯೇ ಸಗಣಿ ಹೊಯ್ದದ್ದನ್ನು ನೋಡಿ ಮಾವ ನಗಲು ಹೋದರು. ಅತ್ತೆಯ ಮುಖ ನೋಡಿ ಕೆಮ್ಮಿ ಸುಮ್ಮನಾದರು.

ಸಾಬರು ಇನ್ನೊಂದು ವಿದ್ಯೆ ಕಲಿಸಿಕೊಟ್ಟರು. ಉದ್ದನೆಯ ಬಿದಿರಿನ ಗಳಕ್ಕೆ ಹಳೆಯ ಬಿಳಿ ಪಂಚೆಯನ್ನು ಸುತ್ತಿ ಟ್ಯಾಂಕಿನ ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಬೇಕು. ಸ್ವಲ್ಪ ಹೊತ್ತು ಹಿಡಿದು ಮೇಲೆತ್ತಿದರೆ ಕೆಸರು ಇರುವಷ್ಟಕ್ಕೆ ಪಂಚೆ ಕಪ್ಪಾಗಿರುತ್ತದೆ. ಕಪ್ಪು ನೀರಿನ ಆಳದ ಮೂರರಲ್ಲಿ ಒಂದು ಪಾಲಿಗೆ ಬಂದರೆ ಗಾಡಿ ಕರೆಸುವ ಕಾಲ. ಅಲ್ಲಿಯವರೆಗೆ ಮುಟ್ಟಬೇಕಾಗಿಲ್ಲ. ಹುಳು ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ ಎಂದು ದೂರದಿಂದಲೇ ಹೇಳುವ ಅತ್ತೆ ಈ ಲೆಕ್ಕವನ್ನು ಒಂದೇ ಸಲಕ್ಕೆ ಹಿಡಿದರು.

ಕಕ್ಕಸು ಸರಿಯಾಯಿತು. ಹಾಕಿದ ನೀರು ಸರಸರ ಇಳಿಯುತ್ತಿತ್ತು. ಆಸ್ಪತ್ರೆಯಿಂದ ಬಂದ ಅಜ್ಜಿ ಕೋಲು ಹಿಡಿದು ಒಬ್ಬರೇ ಹೋಗಿಬರಲು ಶುರುಮಾಡಿದರು. ಆದರೆ ಕುಡಿಯುವುದು ಮಾತ್ರ ಮೊದಲಿನಂತಾಗಲಿಲ್ಲ. ಲೋಟ ತುಂಬಿ ಕೊಟ್ಟರೆ ಅರ್ಧ ಉಳಿಸುತ್ತಿದ್ದರು. ಮುದ್ದೆಯನ್ನು ಅರ್ಧಕ್ಕೆ ಮುರಿದು ಪಕ್ಕಕ್ಕೆ ಇಡುತ್ತಿದ್ದರು. “ಸರಿ ಹೋಯ್ತಲ್ಲಜ್ಜಿ ಗುಂಡಿ, ಈಗ ಊಟ ಮಾಡಿ” ಎಂದರೆ, “ಹೊಸಾ ಗುಂಡಿ. ಜ್ವಾಪಾನವಾಗಿ ಇಟ್ಕಬೇಕು” ಎನ್ನುತ್ತಿದ್ದರು. ಡಾಕ್ಟರು ಇನ್ನೊಂದು ಸಲ ಹೀಗೆ ಒಣಗಿದರೆ ಆ ವಯಸ್ಸಿಗೆ ಕಷ್ಟ ಎಂದು ಖಂಡಿತವಾಗಿ ಹೇಳಿದ್ದರು.

ನಾನು ಅತ್ತೆಗೆ ಹೇಳಿದೆ. “ನೀವು ಬಾಯಿಬಿಟ್ಟು ಹೇಳದೆ ಅವರು ಕುಡಿಯೋಲ್ಲ.”

“ಏನಂತ ಹೇಳ್ಲಿ?”

“ನನ್ನಿಂದ ಆಗಿದ್ದು ಅಂತ.”

ಅತ್ತೆ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಮೂವತ್ತೈದು ವರ್ಷ ಒಂದೇ ಒಲೆಯ ಮುಂದೆ ಬದುಕಿದ ಅತ್ತೆ ಸೊಸೆ ಅವರು. ಆ ಮೂವತ್ತೈದು ವರ್ಷದಲ್ಲಿ ನಮ್ಮತ್ತೆ ‘ತಪ್ಪಾಯಿತು’ ಎಂದದ್ದನ್ನು ಯಾರೂ ಕೇಳಿರಲಿಲ್ಲ. ಗುಂಡಿ ತೋಡುವುದು, ಪೈಪು ಕೀಳುವುದು, ಸಗಣಿ ಕದಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಈ ಒಂದು ಮಾತು ಕಷ್ಟವಾಗಿತ್ತು. ಎರಡು ದಿನ ಹಾಗೇ ಕಳೆಯಿತು. ಅಜ್ಜಿಯ ಲೋಟದಲ್ಲಿ ಉಳಿದ ಮಜ್ಜಿಗೆಯನ್ನು ಚೆಲ್ಲುವಾಗ ಅತ್ತೆ ಅದನ್ನು ನೋಡುವುದನ್ನು ನಾನು ನೋಡುತ್ತಿದ್ದೆ.

ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಹುಳುವಿಗೆ ಸೊಪ್ಪು ಹಾಕಿ ಬಂದ ಅತ್ತೆ ನನ್ನನ್ನು ಕರೆದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಇಬ್ಬರೂ ಹಿತ್ತಲಿಗೆ ಹೊತ್ತುಕೊಂಡು ಹೋದೆವು. “ಯಾಕವ್ವ, ಕಕ್ಕಸ್ ಮತ್ತೆ ಕೆಟ್ಟೋಯ್ತಾ?” ಎಂದು ಅಜ್ಜಿ ಗಾಬರಿಯಾದರು. ಅತ್ತೆ ಕೊಟ್ಟಿಗೆಯ ಹಿಂದಿನ ಎರಡು ಬಕೆಟನ್ನೂ ತಂದು ಅಜ್ಜಿಯ ಕಾಲ ಬಳಿ ಇಟ್ಟರು. ಕೊಯ್ದು ತೆಗೆದ ಪೈಪನ್ನೂ ತಂದು ಪಕ್ಕದಲ್ಲಿಟ್ಟರು. ಆಮೇಲೆ ನೆಲದ ಮೇಲೆ ಕೂತರು.

“ಅತ್ತೆಮ್ಮ, ಇಲ್ ನೋಡಿ. ಇದು ಬರೀ ಸಗಣಿ ಸಿಪ್ಪೆ. ಕರಗೋಯ್ತು. ಇದ್ರಲ್ಲಿ ನಾನು ಪೌಡರು ಹಾಕಿವ್ನಿ. ಕರಗೇ ಇಲ್ಲ, ಹಂಗೇ ಕೂತೈತೆ. ಈ ಪೈಪಲ್ಲಿ ನಾನು ಎಲ್ಡು ವರ್ಸ ಇದೇ ಪೌಡರ್ ನೀರ್ನ ಗುಂಡಿಗೆ ಬುಟ್ಟೆ. ಖಾಸಿಮಣ್ಣ ಬ್ಯಾಡ ಅಂದಿದ್ರೂ ಬುಟ್ಟೆ. ನೀವು ಹೋಗ್ಬಂದ್ ಮ್ಯಾಲೆ ದಿನಾ ಒಂದ್ ಚೊಂಬು ಅದ್ನೇ ಸುರ್ದೆ.”  ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದರು. “ಗುಂಡಿ ಕೆಟ್ಟಿದ್ದು ನಿಮ್ಮಿಂದಲ್ಲ. ನೀವು ದಿನಕ್ಕೆ ಹತ್ ಸಲ ಹೋದ್ರೂ ಅದು ಕೆಡ್ತಿರ್ಲಿಲ್ಲ. ನನ್ನಿಂದ ಕೆಟ್ಟಿದ್ದು. ನನ್ ತಪ್ಪು.”

ಅಜ್ಜಿ ಬಗ್ಗಿ ಒಂದು ಬಕೆಟನ್ನು ನೋಡಿದರು, ಇನ್ನೊಂದನ್ನೂ ನೋಡಿದರು. ಕೋಲಿನ ತುದಿಯಿಂದ ಬಿಳಿಚಿಕೊಂಡ ಸಗಣಿಯ ಉಂಡೆಯನ್ನು ಚುಚ್ಚಿದರು.  ಹುಂಜವೊಂದು ಬಕೆಟಿನ ಹತ್ತಿರ ಬಂದಾಗ ಅದನ್ನು ಕೋಲಿನಿಂದ ಓಡಿಸಿದರು.  ಮೂವತ್ತೈದು ವರ್ಷದ ಲೆಕ್ಕ ಎಲ್ಲಿ ಬಿಚ್ಚುತ್ತಾರೋ ಎಂದು ಹೆದರಿದ್ದೆ.

ಕೊನೆಗೆ ಅಜ್ಜಿ ಹೇಳಿದರು.

“ಇದ್ನ ಯುಗಾದಿಗೆ ಮುಂಚೆ ಹೇಳ್ಬಾರ್ದಾಗಿತ್ತಾ ಕಾವೇರಿ? ನೀನ್ ಒಬ್ಬಟ್ಟು ಮಾಡಿದ್ದೆ. ಹಸಿವಿಲ್ಲ ಅಂದ್ಬುಟ್ಟು ಮಗ್ಗುಲಾಗಿ ಮಲಿಕ್ಕಂಡಿದ್ದೆ. ಅದ್ರ ವಾಸ್ನೆ ಕೋಣೆ ತುಂಬಾ ಇತ್ತು ಕಣವ್ವ.”

ಅತ್ತೆ ಅಜ್ಜಿಯ ಮಂಡಿಯ ಮೇಲೆ ತಲೆ ಇಟ್ಟು ಅತ್ತರು. ಅಜ್ಜಿ ಅವರ ತಲೆ ಸವರುತ್ತಾ, “ಆಯ್ತು ಬುಡು, ಆಯ್ತು ಬುಡು” ಎನ್ನುತ್ತಿದ್ದರು. ನಾನೂ ಅತ್ತುಬಿಟ್ಟೆ, ಅದರಲ್ಲೇನೂ ಮುಚ್ಚುಮರೆ ಇಲ್ಲ.

ಯುಗಾದಿ ಕಳೆದು ತಿಂಗಳಾಗಿತ್ತು. ಆ ದಿನ ಯಾವ ಹಬ್ಬವೂ ಇರಲಿಲ್ಲ. ಹುಳುಗಳು ಕೊನೆಯ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ತೆರೆದು ಕಾದಿದ್ದವು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ದಿನಗಳು. ಅತ್ತೆ ಎದ್ದು, ಕೈಕಾಲು ತೊಳೆದು, ಒಳಗೆ ಹೋಗಿ ಅರ್ಧ ಸೇರು ಕಡಲೆಬೇಳೆಯನ್ನು ಬೇಯಲು ಇಟ್ಟರು.